ಝಬೂರಿನ ಹಾಡು: ಯಹೂದಿ ಚಿಂತನೆ ಮತ್ತು ನಮ್ಮ ಮಂಗಳೂರು

ಪ್ರಥಮ ಪಿಯುಸಿ ಇತಿಹಾಸ ತರಗತಿಯಲ್ಲಿ ಪಶ್ಚಿಮ ಏಷ್ಯಾದ ಪಾಠ ನಡೆಯುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಝಬೂರ್ ಅಂದರೆ ಗ್ರಂಥವೋ, ಹಾಡೋ?" ತೌರಾತ್, ಝಬೂರ್, ಇಂಜೀಲ್, ಕುರ್‌ಆನ್ ಎಂದು ಮದ್ರಸದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದವರೇ. ಆದರೆ ಝಬೂರಿನ ಒಳಗೆ ಏನಿದೆ ಎಂದು ಯೋಚಿಸಿದವರು ಕಡಿಮೆ. ಅದು ಎರಡೂ ಹೌದು, ಹಾಡುವ ಗ್ರಂಥ ಎಂದು ಅಂದು ಚಿಕ್ಕದಾಗಿ ಹೇಳಿ ಪಾಠ ಮುಂದುವರಿಸಿದೆ. ಆ ಪ್ರಶ್ನೆಗೆ ಇನ್ನಷ್ಟು ವಿವರವಾದ ಉತ್ತರ ಬೇಕು ಅನ್ನಿಸಿದ್ದರಿಂದ ಈ ಲೇಖನ.

ಪ್ಯಾಲೆಸ್ತೀನಿನ ದುಃಖದ ಸುದ್ದಿಯನ್ನು ದಿನವೂ ನೋಡುತ್ತಿರುವಾಗ ಯಹೂದಿಗಳ ಹಾಡಿನ ಬಗ್ಗೆ ಏಕೆ ಬರೆಯಬೇಕು ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ಸರಕಾರದ ಅನ್ಯಾಯವನ್ನು ಖಂಡಿಸುವುದು ಬೇರೆ, ಒಂದು ಧರ್ಮದ ಅಂತರಂಗವನ್ನು ಅರಿಯುವುದು ಬೇರೆ. ಮೊದಲನೆಯದಕ್ಕಾಗಿ ಎರಡನೆಯದನ್ನು ಬಿಡಬೇಕಿಲ್ಲ. ಕುರ್‌ಆನ್ ಅವರನ್ನು 'ಗ್ರಂಥದವರು' ಎಂದು ಕರೆದಿದೆ. ನಮ್ಮ ಮಂಗಳೂರಿನಲ್ಲೇ, ಸುಮಾರು 900 ವರ್ಷಗಳ ಹಿಂದೆ, ಒಬ್ಬ ಯಹೂದಿ ಕವಿ ವ್ಯಾಪಾರಿಯಾಗಿ ಬಾಳಿದ್ದ. ಅವನ ಬಳಿಗೆ ಹೋಗುವ ಮುನ್ನ, ಅವನು ತನ್ನೊಡನೆ ತಂದ ಹಾಡಿನ ಪರಂಪರೆ ಎಂಥದ್ದು ಎಂದು ನೋಡೋಣ.

ದಾವೂದರ ಹಾಡುಗಳು

ನಾವು ಝಬೂರ್ ಎನ್ನುವುದಕ್ಕೆ ಹೋಲುವ ಗ್ರಂಥವನ್ನು ಯಹೂದಿಗಳು 'ತೆಹಿಲ್ಲೀಂ' ಎನ್ನುತ್ತಾರೆ. ಹೀಬ್ರೂ ಭಾಷೆಯಲ್ಲಿ ಅದರ ಅರ್ಥ 'ಸ್ತುತಿಗಳು'. ಅದರಲ್ಲಿ 150 ಗೀತೆಗಳಿವೆ. ಕ್ರೈಸ್ತ ಗೆಳೆಯರು ಅದನ್ನು 'ಕೀರ್ತನೆಗಳು' ಎನ್ನುತ್ತಾರೆ. ಎಲ್ಲವೂ ಸಂತೋಷದ ಸ್ತುತಿಗಳಲ್ಲ. ಕೆಲವು ಅಳು, ಕೆಲವು ದೂರು, ಕೆಲವು ಭಯದ ರಾತ್ರಿಯ ಕೂಗು. ಆದರೂ ಇಡೀ ಗ್ರಂಥಕ್ಕೆ 'ಸ್ತುತಿ' ಎಂದೇ ಹೆಸರು. ದೇವರ ಎದುರು ಅತ್ತರೂ ಅದು ಅವನನ್ನು ನಂಬಿದ ಮಾತೇ ಎಂಬ ಭಾವ ಆ ಹೆಸರಿನಲ್ಲಿದೆ.

ಈ ಗೀತೆಗಳಲ್ಲಿ ಹಲವಕ್ಕೆ 'ಮಿಜ್ಮೋರ್' ಎಂಬ ತಲೆಬರಹವಿದೆ. ವಾದ್ಯದೊಡನೆ ಹಾಡುವ ಗೀತೆ ಎಂದರ್ಥ. ಅರಬಿಯ 'ಮಿಜ್ಮಾರ್' ಇದೇ ಕುಟುಂಬದ ಪದ. ಒಂದು ಪ್ರಸಿದ್ಧ ಹದೀಸ್ ಇಲ್ಲಿ ನೆನಪಾಗುತ್ತದೆ. ಅಬೂ ಮೂಸಾ ಅಲ್-ಅಶ್ಅರಿ(ರ) ಅವರ ಇಂಪಾದ ಕುರ್‌ಆನ್ ಪಾರಾಯಣವನ್ನು ಮೆಚ್ಚಿ ಪ್ರವಾದಿಯವರು(ಸ), ಅವರಿಗೆ ದಾವೂದರ ಮನೆತನದ ಒಂದು ಮಿಜ್ಮಾರ್ ದೊರೆತಿದೆ ಎಂದಿದ್ದರು. ಪ್ರವಾದಿ ದಾವೂದ್(ಅ) ಅವರೊಡನೆ ಬೆಟ್ಟಗಳೂ ಪಕ್ಷಿಗಳೂ ತಸ್ಬೀಹ್ ಮಾಡುತ್ತಿದ್ದವೆಂದು ಕುರ್‌ಆನಿನ ಸೂರಃ ಅಲ್-ಅಂಬಿಯಾ (21:79) ಮತ್ತು ಸೂರಃ ಸಬಅ್ (34:10) ತಿಳಿಸುತ್ತವೆ. ಯಹೂದಿ ಪರಂಪರೆಯಲ್ಲೂ ಇದಕ್ಕೆ ಹತ್ತಿರದ ಕಲ್ಪನೆಯಿದೆ. 'ಪೆರೆಕ್ ಶೀರಾ' ಎಂಬ ಹಳೆಯ ಕಿರುಗ್ರಂಥದಲ್ಲಿ ಆಕಾಶ, ಮರ, ಹಕ್ಕಿ, ಮೃಗ, ಕೊನೆಗೆ ಇರುವೆಯವರೆಗೆ ಪ್ರತಿಯೊಂದಕ್ಕೂ ಸೃಷ್ಟಿಕರ್ತನನ್ನು ಸ್ತುತಿಸುವ ತನ್ನದೇ ಹಾಡಿದೆ. ಹಾಡುವುದು ಮನುಷ್ಯ ಹೊಸದಾಗಿ ಆರಂಭಿಸಿದ ಕೆಲಸವಲ್ಲ. ಸೃಷ್ಟಿಯಲ್ಲಿ ಆಗಲೇ ನಡೆಯುತ್ತಿರುವುದರಲ್ಲಿ ಅವನು ಸೇರಿಕೊಳ್ಳುತ್ತಾನೆ.

ಯಹೂದಿ ಧರ್ಮಪಂಡಿತರ ಚರ್ಚೆಗಳ ದೊಡ್ಡ ಸಂಗ್ರಹವೇ 'ತಾಲ್ಮೂದ್'. ಇರಾಕಿನಲ್ಲಿ ಹಲವು ತಲೆಮಾರುಗಳ ಪಂಡಿತರಿಂದ ರೂಪುಗೊಂಡ ಈ ಗ್ರಂಥದಲ್ಲಿ ದಾವೂದರ ಹಾಡುಗಳ ಬಗ್ಗೆ ಒಂದು ಸೂಕ್ಷ್ಮ ಗಮನಿಕೆಯಿದೆ. ಕೆಲವು ಗೀತೆಗಳ ತಲೆಬರಹದಲ್ಲಿ 'ದಾವೂದರ' ಎಂಬ ಪದ ಮೊದಲು ಬಂದು 'ಮಿಜ್ಮೋರ್' ನಂತರ ಬರುತ್ತದೆ. ಇನ್ನು ಕೆಲವಲ್ಲಿ 'ಮಿಜ್ಮೋರ್' ಮೊದಲು, 'ದಾವೂದರ' ನಂತರ. ಪದಗಳ ಕ್ರಮ ಬದಲಾದದ್ದು ಏಕೆ? ಪಂಡಿತರ ವಿವರಣೆ ಹೀಗಿದೆ: 'ದಾವೂದರ' ಎಂಬುದು ಮೊದಲಿದ್ದರೆ ದೇವಸಾನ್ನಿಧ್ಯ ಮೊದಲು ಅವರ ಮೇಲೆ ಇಳಿಯಿತು, ಆ ಮೇಲೆ ಅವರು ಹಾಡಿದರು. 'ಮಿಜ್ಮೋರ್' ಮೊದಲಿದ್ದರೆ ಅವರು ಮೊದಲು ಹಾಡಿದರು, ಆ ಮೇಲೆ ಸಾನ್ನಿಧ್ಯ ಇಳಿಯಿತು.

ನನಗೆ ಇಡೀ ವಿಷಯದ ಕೀಲಿಕೈ ಇಲ್ಲೇ ಇದೆ ಅನ್ನಿಸುತ್ತದೆ. ಹಾಡಿಗೆ ಎರಡು ದಿಕ್ಕುಗಳಿವೆ. ಮನಸ್ಸು ತುಂಬಿದಾಗ ಹಾಡು ತಾನಾಗಿ ಬರುತ್ತದೆ, ಅದು ಉತ್ತರ. ಮನಸ್ಸು ಬರಿದಾಗಿದ್ದಾಗ, ತುಂಬಲಿ ಎಂದು ಹಾಡಬೇಕಾಗುತ್ತದೆ, ಅದು ಹುಡುಕಾಟ. ಎರಡನೆಯದು ಕಪಟವಲ್ಲ ಎಂದು ಆ ಪಂಡಿತರು ಹೇಳುತ್ತಿದ್ದಾರೆ. ದಾವೂದರಂಥವರೂ ಕೆಲವೊಮ್ಮೆ ಸಾನ್ನಿಧ್ಯ ಬರುವ ಮೊದಲೇ ಹಾಡಲು ಆರಂಭಿಸಬೇಕಾಯಿತು. ನಮಾಝಿಗೆ ನಿಂತಾಗ ಮನಸ್ಸು ಬಾರದೆ ಕಷ್ಟಪಟ್ಟ ಎಲ್ಲರಿಗೂ ಇದು ಅರ್ಥವಾಗುವ ಮಾತು. ಇಲ್ಲಿ 'ಸಾನ್ನಿಧ್ಯ' ಎಂದು ನಾನು ಬರೆದ ಹೀಬ್ರೂ ಪದ 'ಶೆಖೀನಾ'. ಅದರ ಅರಬಿ ಸಹೋದರಿ ನಮಗೆಲ್ಲ ಪರಿಚಿತ 'ಸಕೀನಾ'.

ವಾದ್ಯ ನಿಂತಿತು, ಧ್ವನಿ ಉಳಿಯಿತು

ಜೆರುಸಲೇಮಿನ ದೇವಾಲಯದಲ್ಲಿ ಹಾಡುವುದಕ್ಕೆ ಒಂದು ಕುಲವೇ ಇತ್ತು. ಅವರು ಲೇವಿಯರು. ವಾರದ ಒಂದೊಂದು ದಿನಕ್ಕೆ ಒಂದೊಂದು ಗೀತೆ ಗೊತ್ತಾಗಿತ್ತು. ವೇದಿಕೆಯ ಮೇಲೆ 12ಕ್ಕಿಂತ ಕಡಿಮೆ ಲೇವಿಯರು ನಿಲ್ಲಬಾರದೆಂಬ ನಿಯಮವಿತ್ತು. ಅಂಗಳದ 15 ಮೆಟ್ಟಿಲುಗಳನ್ನು ತೆಹಿಲ್ಲೀಂನ 15 'ಆರೋಹಣ ಗೀತೆ'ಗಳಿಗೆ ಹೋಲಿಸುತ್ತಿದ್ದರು.

ಈ ವೈಭವ ಎರಡು ಬಾರಿ ಮುರಿದುಬಿತ್ತು. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿಯಾದ ಸೇನೆ ದೇವಾಲಯವನ್ನು ಸುಟ್ಟು ಜನರನ್ನು ಸೆರೆ ಒಯ್ದಿತು. ತೆಹಿಲ್ಲೀಂನ 137ನೇ ಗೀತೆ ಆ ಕಾಲದ ನೋವಿನದು. ನದಿಯ ದಡದಲ್ಲಿ ಕುಳಿತ ಸೆರೆಯಾಳುಗಳಿಗೆ, ನಿಮ್ಮ ಊರಿನ ಹಾಡೊಂದನ್ನು ಹಾಡಿ ರಂಜಿಸಿ ಎಂದು ಸೆರೆಹಿಡಿದವರೇ ಕೇಳುತ್ತಾರೆ. ಅವರು ತಮ್ಮ ವಾದ್ಯಗಳನ್ನು ಮರಕ್ಕೆ ತೂಗುಹಾಕುತ್ತಾರೆ. ದೇವರ ಹಾಡನ್ನು ಪರದೇಶದಲ್ಲಿ ಹಾಡಲು ಸಾಧ್ಯವೇ ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು. ವಿಚಿತ್ರವೆಂದರೆ, ಹಾಡಲಾರೆವು ಎಂಬ ಆ ಅಳುವೇ ಒಂದು ಹಾಡಾಗಿ ಉಳಿಯಿತು.

ಕ್ರಿ.ಶ. 70ರಲ್ಲಿ ರೋಮನ್ನರು ಎರಡನೆಯ ದೇವಾಲಯವನ್ನೂ ಕೆಡವಿದರು. ಆ ಬಳಿಕ ಧರ್ಮಪಂಡಿತರು ಶೋಕದ ಗುರುತಾಗಿ ಸಂಗೀತಕ್ಕೆ ಕಡಿವಾಣ ಹಾಕಿದರು. ಸಬ್ಬತ್ ದಿನ ವಾದ್ಯ ನುಡಿಸಬಾರದೆಂಬ ನಿಯಮವೂ ಇತ್ತು. ಇಂದಿಗೂ ಸಂಪ್ರದಾಯಸ್ಥ ಸಿನಗಾಗುಗಳಲ್ಲಿ ಸಬ್ಬತ್ ಪ್ರಾರ್ಥನೆಗೆ ವಾದ್ಯವಿಲ್ಲ. ಉಳಿದದ್ದು ಮನುಷ್ಯನ ಧ್ವನಿಯೊಂದೇ. ಅದನ್ನು ಯಾವ ಸೇನೆಯೂ ಸುಡಲಾರದು, ಯಾವ ಹಡಗಿನಲ್ಲೂ ಒಯ್ಯಬಹುದು.

ಆ ಧ್ವನಿಗೆ ಅವರು ಎಷ್ಟು ಮಹತ್ವ ಕೊಟ್ಟರೆಂದರೆ, ತೋರಾವನ್ನು ರಾಗವಿಲ್ಲದೆ ಓದುವುದನ್ನು ತಾಲ್ಮೂದ್ ಒಪ್ಪುವುದಿಲ್ಲ. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದಕ್ಕೆ 'ತೆಅಮೀಂ' ಎಂಬ ಚಿಹ್ನೆಗಳಿವೆ. ತಬರಿಯಾ ಪಟ್ಟಣದ ಪಂಡಿತರು 10ನೇ ಶತಮಾನದ ಹೊತ್ತಿಗೆ ಅವನ್ನು ಕ್ರಮಬದ್ಧವಾಗಿ ನಿಲ್ಲಿಸಿದರು. ಆದರೆ ಸಿನಗಾಗಿನಲ್ಲಿ ಓದುವ ಚರ್ಮದ ಸುರುಳಿಯಲ್ಲಿ ಆ ಚಿಹ್ನೆಗಳು ಇರುವುದಿಲ್ಲ, ಸ್ವರಚಿಹ್ನೆಗಳೂ ಇರುವುದಿಲ್ಲ. ಓದುವವನು ಎಲ್ಲವನ್ನೂ ಮೊದಲೇ ಕಲಿತು ನೆನಪಿನಿಂದ ರಾಗ ಹಾಕಬೇಕು. ತಜ್ವೀದ್ ಕಲಿತ ನಮ್ಮ ವಿದ್ಯಾರ್ಥಿಗಳಿಗೆ ಆ ಶ್ರಮ ಎಂಥದ್ದೆಂದು ಬೇರೆ ಹೇಳಬೇಕಿಲ್ಲ.

ಹಾಡಬಾರದ ಹೊತ್ತು

ಯಹೂದಿ ಪರಂಪರೆಯಲ್ಲಿ ಅತ್ಯಂತ ಪ್ರಸಿದ್ಧ ಹಾಡು ಸಮುದ್ರ ದಾಟಿದ ಬಳಿಕದ್ದು. ಪ್ರವಾದಿ ಮೂಸಾ(ಅ) ಮತ್ತು ಬನೀ ಇಸ್ರಾಯೀಲರು ಫಿರ್‌ಔನನ ಸೇನೆಯಿಂದ ಪಾರಾದ ಮೇಲೆ ದಡದಲ್ಲಿ ನಿಂತು ಹಾಡಿದರು, ಮೂಸಾರ ಸಹೋದರಿ ಮಿರ್ಯಾಮ್ ದಫ್‌ನಂಥ ವಾದ್ಯ ಹಿಡಿದು ಮಹಿಳೆಯರನ್ನು ಹಾಡಿಗೆ ಕರೆದಳು ಎಂದು ತೋರಾ ಹೇಳುತ್ತದೆ. ತೋರಾ ಸುರುಳಿಯಲ್ಲಿ ಈ ಹಾಡನ್ನು ಬರೆಯುವ ರೀತಿಯೇ ಬೇರೆ. ನಡುನಡುವೆ ಜಾಗ ಬಿಟ್ಟು, ಕಲ್ಲು ಜೋಡಿಸಿದ ಗೋಡೆಯಂತೆ ಸಾಲುಗಳನ್ನು ಬರೆಯುತ್ತಾರೆ.

ಅದೇ ರಾತ್ರಿಯ ಬಗ್ಗೆ ತಾಲ್ಮೂದಿನಲ್ಲಿ ಇನ್ನೊಂದು ಕಥೆಯಿದೆ. ಫಿರ್‌ಔನನ ಸೈನಿಕರು ಮುಳುಗುತ್ತಿದ್ದಾಗ ಮಲಕ್‌ಗಳು ಸ್ತುತಿಗೀತೆ ಹಾಡಲು ಹೊರಟರಂತೆ. ದೇವರು ಅವರನ್ನು ತಡೆದನು. ನನ್ನ ಕೈಯಿಂದ ಸೃಷ್ಟಿಯಾದವರು ಸಮುದ್ರದಲ್ಲಿ ಮುಳುಗುತ್ತಿರುವಾಗ ನಿಮಗೆ ಹಾಡು ಬೇಕೇ ಎಂಬ ಅರ್ಥದಲ್ಲಿ ಗದರಿದನು. ಮುಳುಗುತ್ತಿದ್ದವರು ದುಷ್ಟರು, ದಬ್ಬಾಳಿಕೆ ಮಾಡಿದವರು. ಪಾರಾದವರು ಪಾರಾದುದಕ್ಕಾಗಿ ಹಾಡಬಹುದು. ಆದರೆ ಇನ್ನೊಬ್ಬರ ಸಾವಿನ ಮೇಲೆ ಸ್ವರ್ಗದಲ್ಲಿ ಹಾಡಿಲ್ಲ. ಪೆಸಖ್ ಹಬ್ಬದ ಮೊದಲ ದಿನಗಳಲ್ಲಿ ಪೂರ್ತಿಯಾಗಿ ಹಾಡುವ 'ಹಲ್ಲೇಲ್' ಸ್ತುತಿಮಾಲೆಯನ್ನು ಉಳಿದ ದಿನಗಳಲ್ಲಿ ಮೊಟಕುಗೊಳಿಸುತ್ತಾರೆ. ಅದಕ್ಕೆ ಕೊಡುವ ಕಾರಣಗಳಲ್ಲಿ ಈ ಮುಳುಗಿದವರ ನೆನಪೂ ಒಂದು.

ಈ ಕಥೆಯನ್ನು ಯಾರು ಮರೆತಿದ್ದಾರೆ, ಯಾರು ನೆನಪಿಟ್ಟಿದ್ದಾರೆ ಎಂಬುದು ಇಂದಿನ ಜಗತ್ತು ಕೇಳಬೇಕಾದ ಪ್ರಶ್ನೆ. ಗಾಝಾದಲ್ಲಿ ಸತ್ತ ಮಕ್ಕಳನ್ನು ಕಂಡು ಕುಣಿಯುವವರಿಗೆ ಅವರದೇ ಪರಂಪರೆ ಕೊಡುವ ಉತ್ತರ ಇದು. ಮೊಬೈಲಿನಲ್ಲಿ ಬೇರೆಯವರ ಸಾವಿನ ಸುದ್ದಿಗೆ ನಗುವ ಚಿತ್ರ ಒತ್ತುವ ನಮ್ಮ ಊರಿನ ಯಾರಿಗೇ ಆದರೂ ಇದೇ ಉತ್ತರ.

ಸಂಗೀತ ಸರಿಯೋ, ತಪ್ಪೋ?

ಸಂಗೀತದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿರುವುದು ನಮಗೆ ಗೊತ್ತು. ಯಹೂದಿ ಪಂಡಿತರೂ ಇದೇ ಚರ್ಚೆಯನ್ನು ಶತಮಾನಗಳ ಕಾಲ ನಡೆಸಿದರು, ಅದೂ ಬಹುಮಟ್ಟಿಗೆ ಅರಬಿ ಭಾಷೆಯಲ್ಲಿ, ಮುಸ್ಲಿಮ್ ನಾಡುಗಳಲ್ಲಿ.

ಈಜಿಪ್ಟಿನ ಫಯ್ಯೂಮಿನಲ್ಲಿ ಹುಟ್ಟಿ ಇರಾಕಿನ ವಿದ್ಯಾಪೀಠದ ಮುಖ್ಯಸ್ಥರಾದ ಸಾದಿಯಾ ಗಾಓನ್ (882–942) ತಮ್ಮ ತತ್ತ್ವಶಾಸ್ತ್ರ ಗ್ರಂಥವನ್ನು ಅರಬಿಯಲ್ಲಿ ಬರೆದರು. ಅದರ ಕೊನೆಯ ಅಧ್ಯಾಯದಲ್ಲಿ ಎಂಟು ಬಗೆಯ ತಾಳಗಳನ್ನು ವಿವರಿಸಿ, ಒಂದೊಂದೂ ಮನುಷ್ಯನ ಸ್ವಭಾವದ ಮೇಲೆ ಏನು ಪರಿಣಾಮ ಮಾಡುತ್ತದೆ ಎಂದಿದ್ದಾರೆ. ಅರಬ್ ತತ್ತ್ವಜ್ಞಾನಿ ಅಲ್-ಕಿಂದಿಯವರ ಸಂಗೀತ ವಿಚಾರಕ್ಕೆ ಇದು ಬಹಳ ಹತ್ತಿರ. ಒಂದೇ ಬಣ್ಣ, ಒಂದೇ ರುಚಿ, ಒಂದೇ ಸ್ವರ ಮನುಷ್ಯನಿಗೆ ಹಿತವಲ್ಲ, ಹದವಾದ ಮಿಶ್ರಣ ಬೇಕು ಎಂಬುದು ಅವರ ವಾದ.

ಮೂಸಾ ಬಿನ್ ಮೈಮೂನ್ (1138–1204) ಹೆಚ್ಚು ಕಠಿಣರು. ಕೊರ್ದೋಬಾದಲ್ಲಿ ಹುಟ್ಟಿ ಕೈರೋದ ಫುಸ್ತಾತಿನಲ್ಲಿ ವೈದ್ಯರಾಗಿ ಬಾಳಿದ ಈ ಮಹಾಪಂಡಿತರು ಮೋಜಿನ ಗಾಯನಗೋಷ್ಠಿಗಳನ್ನು ಒಪ್ಪಲಿಲ್ಲ. ಆದರೆ ಅವರ ಒಂದು ಮಾತು ಯೋಚಿಸುವಂಥದ್ದು. ಅರಬಿ ಹಾಡು ಎಂದ ಕೂಡಲೇ ಮುಖ ತಿರುಗಿಸಿ, ಹೀಬ್ರೂ ಹಾಡು ಎಂದ ಕೂಡಲೇ ಒಪ್ಪಿಕೊಳ್ಳುವ ಹಿರಿಯರನ್ನು ಅವರು ಟೀಕಿಸುತ್ತಾರೆ. ಹಾಡನ್ನು ಅಳೆಯಬೇಕಾದದ್ದು ಭಾಷೆಯಿಂದಲ್ಲ, ಒಳಗಿನ ಅರ್ಥದಿಂದ. ಕೆಟ್ಟ ಅರ್ಥ ಪವಿತ್ರ ಭಾಷೆಯಲ್ಲಿ ಬಂದರೆ ಅದು ಇನ್ನೂ ಕೆಟ್ಟದ್ದು. ಅದೇ ಪಂಡಿತರು ಇನ್ನೊಂದೆಡೆ, ಪ್ರವಾದಿತ್ವದ ಅನುಗ್ರಹ ದುಃಖ, ಜಡತ್ವಗಳ ನಡುವೆ ಇಳಿಯುವುದಿಲ್ಲ, ಅದಕ್ಕಾಗಿ ಹಿಂದಿನ ಪ್ರವಾದಿಗಳ ಶಿಷ್ಯರು ವಾದ್ಯಗಳನ್ನು ಬಳಸುತ್ತಿದ್ದರು ಎಂದೂ ಬರೆದಿದ್ದಾರೆ. ಇವರ ಪ್ರೀತಿಯ ತಮ್ಮ ದಾವೂದ್ ವ್ಯಾಪಾರಕ್ಕೆ ಹೊರಟು ನಮ್ಮ ಹಿಂದೂ ಮಹಾಸಾಗರದಲ್ಲೇ ಮುಳುಗಿ ತೀರಿಕೊಂಡ. ಆ ದುಃಖದಲ್ಲಿ ಇವರು ಬಹುಕಾಲ ಹಾಸಿಗೆ ಹಿಡಿದಿದ್ದರು.

ಅರಬಿ ಪ್ರಭಾವ ಹಾಡಿನ ಒಡಲಿಗೂ ಇಳಿಯಿತು. 10ನೇ ಶತಮಾನದಲ್ಲಿ ದುನಾಶ್ ಬೆನ್ ಲಬ್ರಾತ್ ಅರಬಿ ಛಂದಸ್ಸನ್ನು ಹೀಬ್ರೂ ಕವಿತೆಗೆ ತಂದರು. ಆಂದಲೂಸಿನ ಯಹೂದಾ ಹಲೇವಿ (ನಿಧನ 1141) ಅದೇ ಛಂದಸ್ಸಿನಲ್ಲಿ ಜೆರುಸಲೇಮಿನ ಹಂಬಲದ ಗೀತೆಗಳನ್ನು ಬರೆದರು. ಸಿನಗಾಗಿನಲ್ಲಿ ಹಾಡುವ ಇಂಥ ಪ್ರಾರ್ಥನಾ ಗೀತೆಗೆ 'ಪಿಯ್ಯೂತ್' ಎಂದು ಹೆಸರು. ಮುಂದೆ ಸಫದ್ ಪ್ರದೇಶದ ಇಸ್ರಾಯೀಲ್ ನಜಾರಾ ತುರ್ಕಿ, ಅರಬಿ ಧಾಟಿಗಳಿಗೆ ಹೀಬ್ರೂ ಗೀತೆಗಳನ್ನು ಕಟ್ಟಿ, 1587ರಲ್ಲಿ ಪ್ರಕಟಿಸಿದರು. ಅಲೆಪ್ಪೋ ಮೂಲದ ಯಹೂದಿಗಳು ಇಂದಿಗೂ ಒಂದೊಂದು ಸಬ್ಬತ್‌ನ ಪ್ರಾರ್ಥನೆಯನ್ನು ಒಂದೊಂದು 'ಮಕಾಮ್'ನಲ್ಲಿ ಹಾಡುತ್ತಾರೆ. ಶೋಕದ ಪಾಠಕ್ಕೆ ಹಿಜಾಝ್ ಮಕಾಮ್ ಆರಿಸುತ್ತಾರೆ. ನಮ್ಮ ಕಿರಾಅತ್ ಸ್ಪರ್ಧೆಗಳಲ್ಲಿ ಕೇಳುವ ಹಿಜಾಝ್ ಇದೇ.

ಪದವಿಲ್ಲದ ಹಾಡು

ಪದಗಳ ಅರ್ಥವೇ ಮುಖ್ಯ ಎಂದರು ಮೂಸಾ ಬಿನ್ ಮೈಮೂನ್. ಪದವೇ ಇಲ್ಲದಿದ್ದರೆ? 18ನೇ ಶತಮಾನದಲ್ಲಿ ಪೂರ್ವ ಯುರೋಪಿನ ಬಡ ಯಹೂದಿಗಳ ನಡುವೆ ಹಸೀದಿ ಚಳವಳಿ ಹುಟ್ಟಿತು. ಅದರ ಮೂಲಪುರುಷ 'ಬಾಲ್ ಶೆಮ್ ತೋವ್' ಎಂದು ಹೆಸರಾದ ಇಸ್ರಾಯೀಲ್ ಬೆನ್ ಎಲಿಎಜರ್ (ನಿಧನ 1760). ಪಾಂಡಿತ್ಯವಿಲ್ಲದವನ ಭಕ್ತಿಯೂ ದೇವರಿಗೆ ಮುಟ್ಟುತ್ತದೆ ಎಂಬುದು ಈ ಚಳವಳಿಯ ಜೀವಾಳ. ಅವರಲ್ಲಿ 'ನಿಗ್ಗೂನ್' ಎಂಬ ರಾಗಗಳು ಬೆಳೆದವು. ಹಲವು ನಿಗ್ಗೂನ್‌ಗಳಲ್ಲಿ ಪದಗಳೇ ಇಲ್ಲ, ಬರೀ ಸ್ವರ. ಪದ ಒಂದು ಹಂತದವರೆಗೆ ಕರೆದೊಯ್ದು ನಿಲ್ಲುತ್ತದೆ, ಅಲ್ಲಿಂದ ಮುಂದೆ ರಾಗ ಹೋಗುತ್ತದೆ ಎಂದು ಅವರ ನಂಬಿಕೆ.

ಹಸೀದಿಗಳು ಹೇಳುವ ಒಂದು ಕಥೆ: ಪ್ರಾರ್ಥನೆ ಓದಲು ಬಾರದ ಒಬ್ಬ ಕುರುಬರ ಹುಡುಗ ವರ್ಷದ ಅತಿ ಪವಿತ್ರ ದಿನ ಸಿನಗಾಗಿನಲ್ಲಿ ತಡೆಯಲಾರದೆ ತನ್ನ ಕೊಳಲು ಊದಿಬಿಟ್ಟ. ಎಲ್ಲರೂ ಸಿಟ್ಟಾದರು. ಬಾಲ್ ಶೆಮ್ ತೋವ್ ಮಾತ್ರ, ಈ ಹುಡುಗನ ಊದಿನಿಂದಲೇ ನಮ್ಮೆಲ್ಲರ ಪ್ರಾರ್ಥನೆ ಮೇಲೇರಿತು ಎಂದರಂತೆ. ಮೌಲಾನಾ ರೂಮಿಯವರ ಮಸ್ನವಿಯಲ್ಲಿ ಬರುವ ಪ್ರವಾದಿ ಮೂಸಾ(ಅ) ಮತ್ತು ಕುರುಬನ ಕಥೆ ಓದಿದವರಿಗೆ ಎರಡರ ನಂಟು ಕಾಣುತ್ತದೆ.

ಇದೇ ಪರಂಪರೆಯ ರಬ್ಬಿ ನಖ್‌ಮಾನ್ (1772–1810) ಇನ್ನೊಂದು ಹೆಜ್ಜೆ ಮುಂದೆ ಹೋದರು. ನಿನ್ನಲ್ಲಿ ಎಲ್ಲವೂ ಕೆಟ್ಟದ್ದೇ ಅನ್ನಿಸಿದಾಗ ಒಂದಾದರೂ ಒಳ್ಳೆಯ ಅಂಶವನ್ನು ಹುಡುಕು, ಆಮೇಲೆ ಇನ್ನೊಂದನ್ನು. ಬಿಡಿ ಸ್ವರಗಳನ್ನು ಆರಿಸಿ ಜೋಡಿಸಿದರೆ ರಾಗವಾಗುವಂತೆ, ಆ ಒಳ್ಳೆಯ ಅಂಶಗಳು ಸೇರಿ ಹಾಡಾಗುತ್ತವೆ, ಆಗ ನಿನಗೆ ಪ್ರಾರ್ಥಿಸಲು ಬರುತ್ತದೆ. ಪರೀಕ್ಷೆಯ ಫಲಿತಾಂಶ ನೋಡಿ ಕುಗ್ಗಿ ಕುಳಿತ ವಿದ್ಯಾರ್ಥಿಗೂ ಹೇಳಬಹುದಾದ ಮಾತಿದು.

ಮಂಜರೂರಿನ ಕವಿ

ಬಾಬಿಲೋನಿನ ನದಿದಡದಲ್ಲಿ ಹುಟ್ಟಿದ ಪ್ರಶ್ನೆ ಹಾಗೆಯೇ ಉಳಿದಿದೆ: ಪರದೇಶದಲ್ಲಿ ದೇವರ ಹಾಡು ಸಾಧ್ಯವೇ? ಅದಕ್ಕೆ ಒಂದು ಉತ್ತರ ನಮ್ಮ ಊರಲ್ಲೇ ಸಿಗುತ್ತದೆ.

ಟ್ಯುನೀಷಿಯಾದ ಮಹ್ದಿಯಾ ಪಟ್ಟಣದ ಅಬ್ರಹಾಂ ಬೆನ್ ಯಿಜು ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದ. ಅವನ ಕಾಗದಗಳಲ್ಲಿ ಈ ಊರಿನ ಹೆಸರು 'ಮಂಜರೂರ್'. 1132ರ ಅಕ್ಟೋಬರ್ 17ರಂದು ಅವನು ಇಲ್ಲಿ ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರು ತಿಳಿಯುತ್ತಾರೆ. ಮುಂದಿನ ಸುಮಾರು 17 ವರ್ಷಗಳಲ್ಲಿ ಹೆಚ್ಚಿನ ಕಾಲವನ್ನು ಅವನು ಈ ಕರಾವಳಿಯಲ್ಲೇ ಕಳೆದ. ಕಾಳುಮೆಣಸು, ಕಬ್ಬಿಣ, ಅಡಕೆ ಕಳುಹಿಸುತ್ತಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸಿದ. ಅವನ ನಂಬಿಕಸ್ಥ ಸೇವಕನ ಹೆಸರು 'ಬೊಮ್ಮ' ಎಂದಿರಬೇಕೆಂದು ಲೇಖಕ ಅಮಿತಾವ್ ಘೋಷ್ ನಮ್ಮ ತುಳು ವಿದ್ವಾಂಸ ಬಿ. ಎ. ವಿವೇಕ ರೈಯವರ ನೆರವಿನಿಂದ ಗುರುತಿಸಿದರು. ಅವರ 'ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್' (1992) ಪುಸ್ತಕ ಈ ಹುಡುಕಾಟದ ಕಥೆ.

ಇದೆಲ್ಲ ಗೊತ್ತಾದದ್ದು ಒಂದು ಧಾರ್ಮಿಕ ಪದ್ಧತಿಯಿಂದ. ದೇವರ ಹೆಸರಿರುವ ಕಾಗದವನ್ನು ಯಹೂದಿಗಳು ಎಸೆಯುವುದಿಲ್ಲ. ಹಳೆಯ ಮುಸ್‌ಹಫ್‌ಗಳನ್ನು ನಾವು ಗೌರವದಿಂದ ಹೂಳುವಂತೆ, ಅವರು 'ಗೆನೀಝಾ' ಎಂಬ ಕೋಣೆಯಲ್ಲಿ ಕೂಡಿಡುತ್ತಾರೆ. ಕೈರೋದ ಬೆನ್ ಎಜ್ರಾ ಸಿನಗಾಗಿನ ಅಂಥ ಕೋಣೆಯಲ್ಲಿ ಲಕ್ಷಾಂತರ ಚೂರುಗಳು ಉಳಿದಿದ್ದವು. 1896–97ರಲ್ಲಿ ಅವುಗಳ ದೊಡ್ಡ ಭಾಗ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯಕ್ಕೆ ಹೋಯಿತು. ಎಸ್. ಡಿ. ಗೊಯ್ಟೈನ್ ಎಂಬ ವಿದ್ವಾಂಸರು ಅವುಗಳೊಳಗಿಂದ ಭಾರತದ ವ್ಯಾಪಾರಿಗಳ ಪತ್ರಗಳನ್ನು ಆರಿಸಿ ಓದಿದರು. ಪತ್ರಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಮನೆಯಲ್ಲಿ ಅರಬಿ-ಮಲಯಾಳಂ ಕಿತಾಬು ಕಂಡ ಬ್ಯಾರಿ ಮಕ್ಕಳಿಗೆ ಇದು ಸೋಜಿಗವಲ್ಲ.

ಬೆನ್ ಯಿಜು ಬರೀ ವ್ಯಾಪಾರಿಯಲ್ಲ. ಅಂದವಾದ ಕೈಬರಹದವನು, ಧರ್ಮಶಾಸ್ತ್ರ ತಿಳಿದವನು, ಹೀಬ್ರೂ ಕವಿತೆಗಳನ್ನೂ ಪ್ರಾರ್ಥನಾ ಗೀತೆಗಳನ್ನೂ ಬರೆದವನು. ಊರವರೆಲ್ಲ ತಾಳೆಗರಿಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಏಡನ್ನಿನ ಗೆಳೆಯರು ಅವನಿಗೆ ಮತ್ತೆ ಮತ್ತೆ ಕಾಗದ ಕಳುಹಿಸಬೇಕಾಗುತ್ತಿತ್ತು. ಬಂದ ಪತ್ರದ ಖಾಲಿ ಬೆನ್ನನ್ನೂ ಅವನು ವ್ಯರ್ಥ ಮಾಡುತ್ತಿರಲಿಲ್ಲ. ಮೆಣಸಿನ ಲೆಕ್ಕ ಬರೆದ ಕೈಯೇ ಸ್ತುತಿಗೀತೆಯನ್ನೂ ಬರೆಯಿತು. ಸಾಮೂಹಿಕ ಪ್ರಾರ್ಥನೆಗೆ ಯಹೂದಿ ನಿಯಮದಂತೆ ಹತ್ತು ಮಂದಿ ಬೇಕು. ಹತ್ತು ಮಂದಿ ಸಿಗದ ಊರಲ್ಲೂ ಒಬ್ಬನೇ ಜೆರುಸಲೇಮಿನ ಕಡೆ ಮುಖ ಮಾಡಿ ಹಾಡಬಹುದು. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಊರಿನಲ್ಲಿ ವಾದ್ಯವನ್ನು ಮರಕ್ಕೆ ತೂಗುಹಾಕದೆ ಹಾಡು ಕಟ್ಟಿದವನು ಅವನು.

ಅವನ ಬಾಳು ಸುಖವಾಗಿಯೇ ಇರಲಿಲ್ಲ. 1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹ್ದಿಯಾವನ್ನು ವಶಪಡಿಸಿಕೊಂಡಾಗ ಅವನ ಬಂಧುಗಳು ಚದುರಿಹೋದರು. 1149ರಲ್ಲಿ ಏಡನ್‌ಗೆ ಮರಳಿ ಒಡಹುಟ್ಟಿದವರನ್ನು ಹುಡುಕಿ ಪತ್ರ ಬರೆದ. ಮಗ ತೀರಿಕೊಂಡ. ಮಂಗಳೂರಿನ ನಂಟಿನ ಮಗಳು ಸಿತ್ತ್ ಅದ್ದಾರ್ 1156ರಲ್ಲಿ ಫುಸ್ತಾತಿನಲ್ಲಿ ತನ್ನ ಚಿಕ್ಕಪ್ಪನ ಮಗನನ್ನು ಮದುವೆಯಾದಳು.

ಹಾಡು ಊರಿನ ಬಟ್ಟೆ ತೊಟ್ಟಾಗ

ಬೆನ್ ಯಿಜು ಹೀಬ್ರೂವಿನಲ್ಲಿ ಬರೆದ. ಈ ಕರಾವಳಿಯ ಇತರ ಯಹೂದಿಗಳು ಊರ ಭಾಷೆಯಲ್ಲೂ ಹಾಡಿದರು. ದಕ್ಷಿಣಕ್ಕೆ ಕೊಚ್ಚಿಯಲ್ಲಿ ಯಹೂದಿ ಮಹಿಳೆಯರು ಮಲಯಾಳಂನಲ್ಲಿ ಪ್ರವಾದಿಗಳ ಕಥೆ, ಮದುವೆ, ಸಿನಗಾಗು ಕಟ್ಟಿದ ಸಂಭ್ರಮ ಎಲ್ಲವನ್ನೂ ಹಾಡಾಗಿಸಿದರು. ಹಾಡುಗಳನ್ನು ನೋಟ್ ಪುಸ್ತಕಗಳಲ್ಲಿ ಕೈಯಿಂದ ನಕಲು ಮಾಡಿ ಮಗಳಿಗೆ ದಾಟಿಸಿದರು. 1950ರ ದಶಕದಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೊರಟಾಗ ಆ ಪುಸ್ತಕಗಳೂ ಪೆಟ್ಟಿಗೆಯಲ್ಲಿ ಹೋದವು. ಅವನ್ನು ಆಧರಿಸಿಯೇ ಸ್ಕರಿಯಾ ಝಕರಿಯಾ ಮತ್ತು ಒಫೀರಾ ಗಮ್ಲಿಯೇಲ್ 2005ರಲ್ಲಿ ಹಾಡುಗಳ ಸಂಗ್ರಹವನ್ನು ಹೊರತಂದರು. ಮಾಪಿಳ್ಳಪಾಟ್ಟು ಕೇಳಿ ಬೆಳೆದ ನಮಗೆ ಆ ಹಾಡುಗಳು ಪಕ್ಕದ ಮನೆಯವು.

ಉತ್ತರಕ್ಕೆ ಕೊಂಕಣದಲ್ಲಿ ಬೆನೆ ಇಸ್ರೇಲರಿದ್ದಾರೆ. ಅವರ ಮತ್ತು ಮೈಸೂರಿನ ನಡುವೆ ಒಂದು ಕಥೆಯಿದೆ. 1784ರ ಮಂಗಳೂರು ಒಪ್ಪಂದದೊಂದಿಗೆ ಮುಗಿದ ಎರಡನೆಯ ಮೈಸೂರು ಯುದ್ಧದಲ್ಲಿ ಸಾಮ್ಯುಯೆಲ್ ದಿವೇಕರ್ ಎಂಬ ಬೆನೆ ಇಸ್ರೇಲ್ ಸೈನಿಕ ಸೆರೆಯಾದ. ತಾನು ಬೆನೆ ಇಸ್ರೇಲ್ ಎಂದು ಅವನು ಹೇಳಿದಾಗ, ಕುರ್‌ಆನಿನಲ್ಲಿ ಬರುವ ಬನೀ ಇಸ್ರಾಯೀಲರವನನ್ನು ಬಿಟ್ಟುಬಿಡು ಎಂದು ಟಿಪ್ಪು ಸುಲ್ತಾನರ ತಾಯಿ ಕೇಳಿಕೊಂಡರಂತೆ. ಹೀಗೆಂದು ಆ ಸಮುದಾಯದವರು ಹೇಳುತ್ತಾ ಬಂದಿದ್ದಾರೆ. ಅವನು 1796ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿದ ಸಿನಗಾಗಿನ ಹೆಸರು 'ಶಾರ್ ಹರಹಮೀಂ', ಕರುಣೆಯ ಬಾಗಿಲು. ರಹಮ್, ರಹೀಮ್ ಎಂಬ ನಮ್ಮ ಪದಗಳು ಅಲ್ಲೂ ಇವೆ.

ಈ ಜನ ಹರಿಕಥೆಯಂಥ ಕೀರ್ತನ ಶೈಲಿಯನ್ನು ಮರಾಠಿ ನೆರೆಯವರಿಂದ ಪಡೆದು, 19ನೇ ಶತಮಾನದ ಕೊನೆಯ ಭಾಗದಲ್ಲಿ ಇಬ್ರಾಹೀಮ್, ಯೂಸುಫ್, ಮೂಸಾ, ದಾವೂದರ ಕಥೆಗಳನ್ನು ಮರಾಠಿಯಲ್ಲಿ ಹಾಡಿ ಹೇಳಿದರು. ಅವರ 'ಮಲೀದಾ' ಆಚರಣೆಯಲ್ಲಿ ಸಿಹಿ ಅವಲಕ್ಕಿ, ತೆಂಗಿನಕಾಯಿ, ಹಣ್ಣುಗಳ ತಟ್ಟೆ ಇಟ್ಟು ಎಲಿಯಾಹು ಹನಾವಿಯನ್ನು, ಅಂದರೆ ನಮ್ಮ ಇಲ್ಯಾಸ್ ನಬಿಯವರನ್ನು, ಹಾಡಿನಿಂದ ನೆನೆಯುತ್ತಾರೆ.

ಬಾಬಿಲೋನಿನ ಪ್ರಶ್ನೆಗೆ ಈ ಕರಾವಳಿ ಕೊಟ್ಟ ಉತ್ತರ ನನಗೆ ಹೀಗೆ ಕಾಣುತ್ತದೆ. ಸೆರೆಹಿಡಿದವನು ಮೋಜಿಗಾಗಿ ಹಾಡೆಂದಾಗ ವಾದ್ಯ ಮರಕ್ಕೇರುತ್ತದೆ. ನೆರೆಯವನು ನೆರೆಯವನಾಗಿ ಬದುಕಲು ಬಿಟ್ಟಾಗ ಹಾಡು ಆ ಊರಿನ ಭಾಷೆ, ತಾಳ, ಅವಲಕ್ಕಿ ಎಲ್ಲವನ್ನೂ ತನ್ನದಾಗಿಸಿಕೊಂಡು ಅರಳುತ್ತದೆ. ಹಾಡುವವರ ಭಕ್ತಿಯ ಜೊತೆಗೆ ಕೇಳುವ ಊರಿನ ಗುಣವೂ ಹಾಡಿನಲ್ಲಿ ಉಳಿಯುತ್ತದೆ. ಮಂಜರೂರು ಒಮ್ಮೆ ಅಂಥ ಊರಾಗಿತ್ತು. ಈಗಲೂ ಹಾಗಿದೆಯೇ ಎಂಬುದು ನಮ್ಮ ಕೈಯಲ್ಲಿದೆ.

ಕೊನೆಗೊಂದು ಕೋರಿಕೆ. ಕೊಚ್ಚಿಯ ಆ ಮಹಿಳೆಯರ ನೋಟ್ ಪುಸ್ತಕಗಳು ಇಲ್ಲದಿದ್ದರೆ ಅವರ ಹಾಡುಗಳಲ್ಲಿ ಹೆಚ್ಚಿನವು ಕಳೆದುಹೋಗುತ್ತಿದ್ದವು. ನಮ್ಮ ಮನೆಗಳ ಬ್ಯಾರಿ ಮದುವೆ ಹಾಡು, ಮೌಲೂದಿನ ಬೈತ್, ಮಗುವನ್ನು ಮಲಗಿಸುವಾಗ ಅಜ್ಜಿ ಗುನುಗುವ ದ್ಸಿಕ್ರ್ ಎಲ್ಲ ಇನ್ನೂ ಬಾಯಲ್ಲೇ ಇವೆ. ಈ ರಜೆಯಲ್ಲಿ ಒಂದು ಹಾಡನ್ನು ಕೇಳಿ ಬರೆದುಕೊಳ್ಳಿ. ಯಾರಿಂದ ಕಲಿತದ್ದು, ಯಾವಾಗ ಹಾಡುತ್ತಿದ್ದರು ಎಂದೂ ಕೇಳಿ. ನಿಮ್ಮ ಗೆಳೆಯರು ತುಳು, ಕೊಂಕಣಿ, ಕನ್ನಡದ ಹಾಡು ತಂದರೆ ಇನ್ನೂ ಒಳ್ಳೆಯದು. ಬರೆದು ತಂದವರು ಇತಿಹಾಸ ವಿಭಾಗದಲ್ಲಿ ಕೊಡಿ, ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ಪ್ರಕಟಿಸೋಣ.